ಫ್ಲೋರಿಯನ್ ಕಾಯ್ದ ಕಾರು

ನನ್ನ ಮೈದುನ ಫ್ಲೋರಿಯನ್ ಬಾಡಿಗೆ ಕಾರು ಆರಿಸುವುದನ್ನು ನೀವು ನೋಡಬೇಕಿತ್ತು. ಹೆಣ್ಣು ನೋಡಲು ಹೋದವರು ಕೂಡ ಅಷ್ಟು ವಿಚಾರಿಸುವುದಿಲ್ಲ. ವಿಮಾನ ನಿಲ್ದಾಣದ ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ ನಿಂತುಬಿಡುತ್ತಿದ್ದ. ಬಣ್ಣ ಯಾವುದಾದರೇನು, ಸೀಟು ಮೆತ್ತಗಿದ್ದರೇನು, ಒರಟಾಗಿದ್ದರೇನು. ಅವನದು ಒಂದೇ ಪ್ರಶ್ನೆ. "ಯಾರು ಮಾಡಿದ್ದಮ್ಮ ಇದನ್ನ?" ಉತ್ತರ ಹಿಡಿಸದಿದ್ದರೆ ಹೋಗಿ ಕುರ್ಚಿಯಲ್ಲಿ ಕೂರುವನು. ಬೇಕಾದ ಕಾರು ಬರುವ ತನಕ ಏಳುತ್ತಿರಲಿಲ್ಲ.

ಅವನು ಕಾರು ಮಾಡುವವನಲ್ಲ, ಕಾರಿನ ಬಾಗಿಲಿಗೆ ಹಾಕುವ ಕೀಲು ಮಾಡುವವನು. ನಮ್ಮ ಬೇ ಸಿಟಿಯಲ್ಲಿ ಹೊಳೆಯ ದಡಕ್ಕೆ ಆಸ್ಟ್ರಾಂಡರ್ ಅವರ ಕಾರ್ಖಾನೆ ಇತ್ತು. ಇಟ್ಟಿಗೆಯ ಗೋಡೆ, ಮಸಿ ಹಿಡಿದ ಕಿಟಕಿ, ಒಳಗೆ ಅರವತ್ತು ಜನ. ದೊಡ್ಡ ಕಂಪನಿ ಕಾರನ್ನು ಜೋಡಿಸುತ್ತದೆ. ಅದಕ್ಕೆ ಬೇಕಾದ ಕೀಲು ಒಂದು ಕಡೆ, ಬೀಗ ಇನ್ನೊಂದು ಕಡೆ, ಗಾಜು ಇಳಿಸುವ ಹಿಡಿ ಮತ್ತೆಲ್ಲೋ, ಹೀಗೆ ಊರೂರಿನಲ್ಲಿ ಸಣ್ಣ ಕಾರ್ಖಾನೆಗಳು. ಹೇಂಟೆಯ ಸುತ್ತ ಮರಿಗಳಿದ್ದ ಹಾಗೆ. ಹೇಂಟೆ ಸೀನಿದರೆ ಮರಿಗಳಿಗೆ ಜ್ವರ ಎಂದು ನಮ್ಮ ಮನೆಯವರು ಹೇಳುತ್ತಿದ್ದರು. ನಮ್ಮ ಮನೆಯವರು, ರೋಮನ್, ದೊಡ್ಡ ಕಂಪನಿಯಲ್ಲೇ ಇದ್ದವರು. ಎರಕದ ಮನೆಯ ಹೊಗೆ ಕುಡಿದು ಕುಡಿದು ಶ್ವಾಸಕೋಶ ಕಲ್ಲಾಗಿ, ಪಿಂಚಣಿಯ ಮೊದಲ ಚಳಿಗಾಲದಲ್ಲೇ ಹೋದರು.

ಫ್ಲೋರಿಯನ್ ಅವರ ತಮ್ಮ. ಶಾಲೆ ಮುಗಿಸಿ ನೇರ ಆಸ್ಟ್ರಾಂಡರ್‌ನಲ್ಲಿ ತಗಡು ಅಚ್ಚೊತ್ತುವ ಒತ್ತು ಯಂತ್ರಕ್ಕೆ ನಿಂತ. ಎಡಗೈಯ ಎರಡು ಬೆರಳ ತುದಿ ಅಲ್ಲೇ ಕೊಟ್ಟ. ಮಾತು ಬಲ್ಲವನೆಂದು ಆಮೇಲೆ ಅವನನ್ನು ಊರೂರು ತಿರುಗುವ ಕೆಲಸಕ್ಕೆ ಹಾಕಿದರು. ಓಹಾಯೋದಲ್ಲೋ ಟೆಕ್ಸಾಸಿನಲ್ಲೋ ಇರುವ ದೊಡ್ಡ ಕಾರ್ಖಾನೆಯವರು ಬಾಗಿಲು ಕಿರುಗುಟ್ಟುತ್ತದೆ ಎಂದು ಫೋನು ಮಾಡಿದರೆ, ಮಾರನೇ ದಿನ ಇವನು ವಿಮಾನ ಹತ್ತಬೇಕು. ಹಾಗಾಗಿ ಮದುವೆ ತಪ್ಪಿತು. ಕೇಳಿದರೆ ನಗುತ್ತಿದ್ದ. "ಅತ್ಗೆ, ನನ್ನ ಕಟ್ಕೊಂಡೋಳಿಗೆ ಮೋಟೆಲಿನ ಸೋಪು ಬಿಟ್ರೆ ಇನ್ನೇನು ತಂದ್ಕೊಡ್ಲಿ ನಾನು?" ಭಾನುವಾರ ಚರ್ಚಿನ ಪೂಜೆ ಮುಗಿಸಿ ನಮ್ಮ ಮನೆಗೇ ಊಟಕ್ಕೆ ಬರುತ್ತಿದ್ದ. ರೋಮನ್ ಹೋದ ಮೇಲೂ ಅದು ತಪ್ಪಲಿಲ್ಲ.

ಈಗ ಕಾರಿನ ವಿಷಯ. ಯಾವ ಕಂಪನಿಯ ಬಾಗಿಲಿಗೆ ಹೋಗುತ್ತೀಯೋ ಆ ಕಂಪನಿಯ ಕಾರಿನಲ್ಲೇ ಹೋಗಬೇಕು. ಇದನ್ನು ನಮ್ಮ ಕಡೆ ಯಾರೂ ಯಾರಿಗೂ ಕಲಿಸುವುದಿಲ್ಲ. ಗೇಟಿಗೆ ಹತ್ತಿರದ ಅಂಗಳದಲ್ಲಿ ಅವರದೇ ಕಾರಿಗೆ ಜಾಗ. ಬೇರೆಯದರಲ್ಲಿ ಬಂದವನು ರೈಲು ಹಳಿಯ ಆಚೆ ನಿಲ್ಲಿಸಿ ಹಿಮದಲ್ಲಿ ಕಾಲೆಳೆದುಕೊಂಡು ಬರಬೇಕು. ನಡೆಯುವುದು ದೊಡ್ಡದಲ್ಲ. ಮೇಲಿನ ಕಿಟಕಿಯಿಂದ ಸಾಮಾನು ಕೊಳ್ಳುವ ಸಾಹೇಬರು ನೋಡುತ್ತಿರುತ್ತಾರೆ, ಅದು ದೊಡ್ಡದು. ಒಂದು ಸಲ ಟೆಕ್ಸಾಸಿನಲ್ಲಿ ಅವನಿಗೆ ತಕ್ಕ ಕಾರು ಸಿಗದೆ ಮಧ್ಯಾಹ್ನದ ತನಕ ಕಾದನಂತೆ. ಅರ್ಧ ದಿನ ತಡವಾಗಿ ಹೋದವನನ್ನು ಅಲ್ಲಿಯ ಸಾಹೇಬ ಬೈಯಲಿಲ್ಲ. ಕಾರಣ ಕೇಳಿ ಬೆನ್ನು ತಟ್ಟಿ, ಕಚೇರಿಯವರನ್ನೆಲ್ಲ ಕರೆದು, "ನೋಡ್ರಯ್ಯ, ಇವನು ನಮ್ಮೋನು!" ಎಂದನಂತೆ. ಆ ವರ್ಷದ ಕೀಲೆಲ್ಲ ಆಸ್ಟ್ರಾಂಡರ್‌ಗೇ ಬಂತು. ಅಂದಿನಿಂದ ಅದು ಫ್ಲೋರಿಯನ್‌ಗೆ ವೇದವಾಕ್ಯ.

ಹೊರದೇಶದವರ ಕಾರೆಂದರೆ ಮಾತ್ರ ಅವನ ಮೈ ಉರಿಯುತ್ತಿತ್ತು. ಉರಿಯದವರು ನಮ್ಮೂರಲ್ಲಿ ಯಾರಿದ್ದರು? ಅವು ಬಂದು ನಮ್ಮವು ಮಾರದೆ ನಿಂತವು. ಒಂದೊಂದು ಪಾಳಿ ಕಡಿಮೆಯಾದಾಗಲೂ ನಮ್ಮ ಬೀದಿಯ ಒಂದೊಂದು ಮನೆ ಖಾಲಿಯಾಯಿತು. ಹಿಂದೆ ಕಾರ್ಮಿಕ ಸಂಘದವರ ಬೇಸಿಗೆ ಊಟದ ದಿನ ಮೈದಾನದ ನಡುವೆ ಅಂಥದೊಂದು ಹಳೇ ಕಾರು ತಂದು ನಿಲ್ಲಿಸುತ್ತಿದ್ದರು. ಸುತ್ತಿಗೆ ತೆಗೆದುಕೊಂಡು ಬೇಕಾದವರು ಬಡಿಯಬಹುದು. ಹುಡುಗ ಫ್ಲೋರಿಯನ್ ಒಂದೇ ಏಟಿಗೆ ಮುಂದಿನ ಗಾಜು ಪುಡಿ ಮಾಡಿದಾಗ ರೋಮನ್ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದರು. ನನ್ನ ಅಕ್ಕನ ಮಗಳು ಅಂಥ ಕಾರು ಕೊಂಡ ಮೇಲೆ ಅದನ್ನು ಚರ್ಚಿನ ಹಿಂದೆ ಬಿಟ್ಟು ನಮ್ಮ ಮನೆಗೆ ನಡೆದು ಬರುತ್ತಿದ್ದಳು.

ಎರಡು ಸಾವಿರದ ಎಂಟರ ಕೊನೆಯಲ್ಲಿ ಹೇಂಟೆಗೇ ಬಂತು ಕಾಯಿಲೆ. ಸೀನಲ್ಲ, ಮೇಲುಸಿರು. ಕಾರು ಕೊಳ್ಳುವವರಿಲ್ಲ. ದೊಡ್ಡ ಕಂಪನಿಗಳ ಯಜಮಾನರು ರಾಜಧಾನಿಗೆ ಹೋಗಿ ಸರ್ಕಾರದ ಮುಂದೆ ಕೈಯೊಡ್ಡಿದರು. ಒಬ್ಬೊಬ್ಬರೂ ತಮ್ಮ ತಮ್ಮ ಸ್ವಂತ ವಿಮಾನದಲ್ಲಿ ಹೋಗಿದ್ದರು. ದೇಶವೇ ನಕ್ಕಿತು. ಸಂಘದ ಮನೆಯ ಶುಕ್ರವಾರದ ಮೀನೂಟದಲ್ಲಿ ಬೇರೆ ಮಾತೇ ಇಲ್ಲ.

"ಭಿಕ್ಷಕ್ಕೆ ಹೊರಟೋರು ಪಲ್ಲಕ್ಕೀಲಿ ಹೋಗ್ತಾರೇನ್ರೇ?" ಎಂದಳು ಬರ್ನಡೀನ್ ಪಾವ್ಲಾಕ್. ಆಸ್ಟ್ರಾಂಡರ್‌ನಲ್ಲಿ ಫ್ಲೋರಿಯನ್‌ಗಿಂತ ಮೊದಲಿಂದಲೂ ಇದ್ದವಳು. ಗಂಡಸಿನ ಕೈ, ಗಂಡಸಿನ ಗಂಟಲು.

"ಎರಡನೇ ಸಲ ತಾವೇ ಮಾಡಿದ ಕಾರಲ್ಲಿ ಹೋದ್ರಲ್ಲ. ಆಗ ಸರ್ಕಾರದ ಕೈ ಸಡಿಲ ಆಯ್ತು," ಎಂದೆ.

ಫ್ಲೋರಿಯನ್ ಫೋರ್ಕಿನಿಂದ ತಟ್ಟೆ ಕುಟ್ಟಿದ. "ನಾನು ಬಡ್ಕೊಳ್ತಾ ಇರೋದು ಅದೇ ಅಲ್ವಾ! ಮನುಷ್ಯ ಏನು ಹೇಳ್ತಾನೆ ಅನ್ನೋದು ಆಮೇಲೆ. ಯಾವುದ್ರಲ್ಲಿ ಬಂದ ಅಂತ ಮೊದ್ಲು ನೋಡ್ತಾರೆ."

"ಹೌದಪ್ಪ ಪ್ರವಾದಿ, ಮೀನು ಆರೋಗುತ್ತೆ, ತಿನ್ನು," ಎಂದಳು ಬರ್ನಡೀನ್.

ಕ್ರಿಸ್ಮಸ್ ಕಳೆಯುವ ಹೊತ್ತಿಗೆ ಆಸ್ಟ್ರಾಂಡರ್‌ಗೆ ಬರುತ್ತಿದ್ದ ಕೆಲಸ ಹೆಚ್ಚುಕಡಿಮೆ ನಿಂತೇಹೋಯಿತು. ವಾರಕ್ಕೆರಡು ದಿನ ಮಾತ್ರ ಯಂತ್ರ ತಿರುಗುತ್ತಿತ್ತು. ಮಿಕ್ಕ ದಿನ ಜನ ಬಂದು ನೆಲ ಗುಡಿಸಿ, ಕಾಫಿ ಕುಡಿದು ಹೋಗುವರು. ಮುದುಕ ಆಸ್ಟ್ರಾಂಡರ್ ಒಳ್ಳೆಯವನು, ಹೋಗಿ ಎನ್ನಲು ಬಾಯಿ ಬರುತ್ತಿರಲಿಲ್ಲ. ಫೆಬ್ರವರಿಯಲ್ಲಿ ಒಂದು ಫೋನು ಬಂತು. ಟೆನೆಸಿಯ ಕಡೆ ಹೊರದೇಶದ ಕಂಪನಿಯೊಂದು ಕಟ್ಟಿದ ದೊಡ್ಡ ಕಾರ್ಖಾನೆ. ಅವರಿಗೆ ಕೀಲು ಮಾಡಿಕೊಡುತ್ತಿದ್ದವರು ಮುಳುಗಿದ್ದರಂತೆ. ಇವರ ಕೀಲಿನ ಮಾದರಿ ನೋಡಿದ್ದೇವೆ, ಹಿಡಿಸಿದೆ, ಬಂದು ಮಾತಾಡಿ, ಬುಧವಾರ ಬೆಳಿಗ್ಗೆ ಹತ್ತಕ್ಕೆ ಎಂದರು. ಈ ಕೆಲಸ ಸಿಕ್ಕರೆ ಅರವತ್ತು ಜನರ ಕಾರ್ಖಾನೆ ಉಳಿಯುತ್ತದೆ, ಸಿಗದಿದ್ದರೆ ಈಸ್ಟರ್ ಹಬ್ಬಕ್ಕೆ ಮುಚ್ಚುತ್ತೇನೆ ಎಂದು ಆಸ್ಟ್ರಾಂಡರ್ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ. ಹೋಗಬೇಕಾದವನು ಫ್ಲೋರಿಯನ್.

ಆ ಭಾನುವಾರ ನಮ್ಮ ಅಡಿಗೆಮನೆಯಲ್ಲಿ ಅವನು ಎಲೆಕೋಸಿನ ಪಲ್ಯ ಕೆದಕುತ್ತಾ ಕೂತಿದ್ದ.

"ಏನೋ, ಉಪ್ಪು ಜಾಸ್ತಿ ಆಯ್ತಾ?"

"ಅವರ ಕಾರಲ್ಲೇ ಹೋಗ್ಬೇಕಾಗುತ್ತೆ ಅತ್ಗೆ."

ನನಗೆ ತಕ್ಷಣ ಹೊಳೆಯಲಿಲ್ಲ. ಹೊಳೆದ ಮೇಲೆ ಸೌಟು ಕೆಳಗಿಟ್ಟೆ. "ನೀನಾ? ಅದರೊಳಗೆ ಕೂರ್ತೀಯಾ?"

"ನಮ್ಮೋರ ಹತ್ರ ಹೋಗೋವಾಗ್ಲೇ ಅವರವರ ಕಾರಲ್ಲಿ ಹೋಗ್ಬೇಕು. ಇವರು ಬೇರೆ ದೇಶದೋರು. ನಮ್ಮ ಗಾಡೀಲಿ ಹೋಗಿ ಅವರ ಗೇಟ್ ಮುಂದೆ ನಿಂತ್ರೆ, ಮುಖಕ್ಕೆ ಉಗಿದಂಗೆ ಅಲ್ವಾ? ಅರವತ್ತು ಮನೆ ಒಲೆ ಉರೀಬೇಕು ಅಂದ್ರೆ ಕತ್ತೆ ಮೇಲಾದ್ರೂ ಕೂರ್ತೀನಿ."

"ನಿಮ್ಮಣ್ಣ ಇದ್ದಿದ್ರೆ?"

"ಅಣ್ಣ ಇದ್ದಿದ್ರೆ ಒದೀತಿದ್ದ. ಒದ್ದು, ಆಮೇಲೆ ಹೋಗ್ಬಾ ಅಂತಿದ್ದ." ಹೇಳಿ ತಾನೇ ನಕ್ಕ. "ಈಸ್ಟರ್ ಮುಂಚಿನ ತಪಸ್ಸುಕಾಲ ಹತ್ರ ಬಂತಲ್ಲ. ಏನಾದ್ರೊಂದು ಬಿಡ್ಬೇಕು. ಈ ಸಲ ಮಾನ ಬಿಡ್ತೀನಿ."

ಆ ದಾರಿಯಲ್ಲೇ ಮುಂದೆ ನನ್ನ ತಂಗಿ ಐರೀನಳ ಊರು. ಅವಳನ್ನು ನೋಡಿ ವರ್ಷಗಳಾಗಿದ್ದವು. ಅಷ್ಟು ಹಾರಾಡಿದವನಿಗೆ ವಿಮಾನದವರು ಕೊಡುವ ಪುಕ್ಕಟೆ ಟಿಕೆಟ್ ಒಂದಿತ್ತು. "ಬನ್ನಿ ಅತ್ಗೆ, ನನಗೂ ಧೈರ್ಯ" ಎಂದ. ಹೊರಟೆ.

ಮಂಗಳವಾರ ಸಂಜೆ ನ್ಯಾಶ್‌ವಿಲ್‌ನಲ್ಲಿ ಇಳಿದು, ಒಂದು ದಿನದ ಬಾಡಿಗೆ ಉಳಿಯಲಿ ಎಂದು ಕಾರನ್ನು ಬೆಳಿಗ್ಗೆಗೆ ಬಿಟ್ಟು, ಹತ್ತಿರದ ಮೋಟೆಲಿನಲ್ಲಿ ಉಳಿದೆವು. ಬುಧವಾರ ಬೆಳಗಾಗುತ್ತಲೇ ಸೂಟು ಹಾಕಿ, ಕೀಲಿನ ಮಾದರಿಗಳ ಪೆಟ್ಟಿಗೆ ಹಿಡಿದು ಬಾಡಿಗೆ ಕಾರಿನ ಕೌಂಟರಿಗೆ ಬಂದ. ಕೌಂಟರಿನ ಹುಡುಗಿಯ ಎದೆಯ ಮೇಲೆ ಶರೀಸ್ ಎಂದು ಹೆಸರಿತ್ತು. ನಗುಮುಖದವಳು.

"ನಿಮ್ಮ ಹೆಸರಿಗೆ ಕಾರು ರೆಡಿ ಇದೆ ಸಾರ್. ಹೊಚ್ಚ ಹೊಸದು. ತಗೊಳ್ಳಿ ಬೀಗದಕೈ."

"ಯಾರು ಮಾಡಿದ್ದಮ್ಮ ಇದನ್ನ?"

ಅವಳು ನಮ್ಮ ದೊಡ್ಡ ಕಂಪನಿಯ ಹೆಸರು ಹೇಳಿದಳು. ಜೀವಮಾನವೆಲ್ಲ ಯಾವ ಹೆಸರು ಕೇಳಿದರೆ ಅವನ ಮುಖ ಅರಳುತ್ತಿತ್ತೋ ಅದೇ ಹೆಸರು. ಫ್ಲೋರಿಯನ್ ತಲೆಯಾಡಿಸಿದ. "ಇದು ಬೇಡಮ್ಮ."

"ಬೇಡ್ವಾ? ಇದೇ ಕಂಪನಿದು ಇನ್ನೂ ದೊಡ್ಡದಿದೆ, ಅದೇ ಬಾಡಿಗೆಗೆ ಕೊಡ್ತೀನಿ. ಬಿಳೀದು, ಕೆಂಪು, ನೀಲಿ, ಯಾವ್ದು ಬೇಕು? ಅವೇ ರಾಶಿ ಬಿದ್ದಿವೆ ಸಾರ್ ನಮ್ಮತ್ರ."

ಬಿದ್ದಿರದೆ ಏನು? ಕೊಳ್ಳುವವರಿಲ್ಲದ ಕಾರುಗಳನ್ನೆಲ್ಲ ನಮ್ಮ ಕಂಪನಿಗಳು ಬಾಡಿಗೆಯವರ ಅಂಗಳಕ್ಕೆ ಸುರಿದು ಕೈ ತೊಳೆದುಕೊಂಡಿದ್ದವು. ಕಿಟಕಿಯಾಚೆ ಸಾಲು ಸಾಲಾಗಿ ನಿಂತಿದ್ದವು, ದನದ ಸಂತೆಯಲ್ಲಿ ಸಂಜೆಯಾದರೂ ಮಾರದೆ ಉಳಿದ ದನಗಳ ಹಾಗೆ. ಫ್ಲೋರಿಯನ್ ಅವುಗಳನ್ನು ಒಮ್ಮೆ ನೋಡಿ ಮುಖ ತಿರುಗಿಸಿದ. ತಗ್ಗಿದ ದನಿಯಲ್ಲಿ, ಯಾರಾದರೂ ಕೇಳಿಸಿಕೊಂಡಾರು ಎನ್ನುವ ಹಾಗೆ, ತನಗೆ ಬೇಕಾದ ಹೆಸರು ಹೇಳಿದ.

"ಅದಾ? ಒಂದೇ ಒಂದಿದೆ. ಹೊರಗೆ ಹೋಗಿದೆ. ಬೆಳಿಗ್ಗೆ ವಾಪಸ್ ತರ್ಬೇಕು ಅವರು."

"ಕಾಯ್ತೀನಿ."

"ಲೇಟಾಗ್ಬಹುದು ಸಾರ್."

"ಪರ್ವಾಗಿಲ್ಲಮ್ಮ, ನನಗೆ ಕಾದು ಅಭ್ಯಾಸ."

ಆಮೇಲೆ ಸಾಲಿನಲ್ಲಿದ್ದ ಬೇರೆ ಕೌಂಟರುಗಳನ್ನೆಲ್ಲ ಸುತ್ತಿ ಬಂದ. ಎಲ್ಲೂ ಇಲ್ಲ. ಎಲ್ಲ ಕಡೆಯೂ ನಮ್ಮವೇ. ಬಂದು ನನ್ನ ಪಕ್ಕ ಕೂತು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡ. ಹೊತ್ತು ಏರಿತು. ಜನ ಬಂದರು, ಬೀಗದಕೈ ತೆಗೆದುಕೊಂಡು ಹೋದರು. ಕಾರ್ಖಾನೆಗೆ ದಾರಿ ಗಂಟೆಗೂ ಮೇಲಿತ್ತು.

"ಫ್ಲೋರಿಯನ್, ಸಿಕ್ಕಿದ್ರಲ್ಲಿ ಹೋಗೋಣ ಕಣೋ," ಎಂದೆ.

"ಅತ್ಗೆ, ನೀವು ಅಡಿಗೆಮನೇಲಿ ಹೇಳಿದ್ದಕ್ಕೆ ನಾನು ಯಾವತ್ತಾದ್ರೂ ಎದುರಾಡಿದೀನಾ? ಇದು ನನ್ನ ಅಡಿಗೆಮನೆ."

ಆದರೂ ಎದ್ದು ಆ ಕಾರ್ಖಾನೆಗೆ ಫೋನು ಮಾಡಿದ. ಕಾರಿನಿಂದಾಗಿ ಸ್ವಲ್ಪ ತಡ ಎಂದು ಹೇಳಿಟ್ಟ. ಅತ್ತಲಿನ ಹೆಂಗಸು ಸರಿ, ತಿಳಿಸುತ್ತೇನೆ ಎಂದಳಂತೆ. ಅವನ ಮುಖ ಹಗುರಾಯಿತು. ಟೆಕ್ಸಾಸಿನಲ್ಲೂ ಹೀಗೇ ಆಗಿತ್ತು ಎಂದ.

ಕಾರು ಬರುವಾಗ ಹತ್ತು ದಾಟಿತ್ತು. ತಂದವಳು ಎರಡು ಮಕ್ಕಳ ತಾಯಿ. ಹಿಂದಿನ ಸೀಟಿನ ತುಂಬ ಬಿಸ್ಕತ್ತಿನ ಪುಡಿ, ಗಾಜಿನ ಮೇಲೆ ಎಳೆ ಬೆರಳಿನ ಗುರುತು. ತೊಳೆಯುವವನು ಇನ್ನೂ ಬಂದಿಲ್ಲ ಎಂದಳು ಶರೀಸ್. ಕೊಳಕು ಕಾರಿನಲ್ಲಿ ಹೋಗುವುದಕ್ಕಿಂತ ಹೋಗದಿರುವುದು ಲೇಸು ಎಂದು ಫ್ಲೋರಿಯನ್ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ತಾನೇ ಒರೆಸಲು ನಿಂತ. ಒಂದು ಕಾಲದಲ್ಲಿ ಇಂಥದೇ ಕಾರಿನ ಗಾಜು ಒಡೆದವನು ಮಂಡಿಯೂರಿ ಅದರ ಗಾಲಿಯ ಕೆಸರು ತೆಗೆಯುತ್ತಿದ್ದ. ನಾನು ಬೇರೆ ಕಡೆ ನೋಡಿದೆ.

ಹತ್ತುವಾಗ ಅವನು ಬಾಗಿಲು ತೆಗೆದು ಮುಚ್ಚಿದ. ಮತ್ತೆ ತೆಗೆದ. ಕಿವಿ ಹತ್ತಿರ ಇಟ್ಟು ಇನ್ನೊಮ್ಮೆ ಮೆಲ್ಲಗೆ ಮುಚ್ಚಿದ. ಆಮೇಲೆ ಹೇಳಿದ: "ಚೆನ್ನಾಗ್ ಮಾಡಿದಾರೆ ಅತ್ಗೆ."

ಆ ಕಡೆ ಫೆಬ್ರವರಿಯಲ್ಲೇ ಹುಲ್ಲು ಹಸಿರಾಗಿತ್ತು. ಕಾರ್ಖಾನೆ ಬಂತು, ಬೆಳ್ಳಗೆ, ಉದ್ದಕ್ಕೆ, ಸಕ್ಕರೆ ಗೋದಾಮಿನ ಹಾಗೆ. ಫ್ಲೋರಿಯನ್ ಗೇಟಿನ ಮುಂದೆ ನಿಧಾನ ಮಾಡಿ, ಕಾವಲುಗಾರ ಕಾರನ್ನು ನೋಡಲಿ ಎಂದು ಕಿಟಕಿ ಇಳಿಸಿದ. ಕಾವಲುಗಾರ ಕಾರನ್ನು ನೋಡಲೇ ಇಲ್ಲ. ಹೆಸರು ಕೇಳಿ ಕೈ ಬೀಸಿದ.

ಅಂಗಳದಲ್ಲಿ ಎಲ್ಲ ಜಾತಿಯ ಕಾರೂ ಇದ್ದವು. ಅವರದು, ನಮ್ಮದು, ಮತ್ತೊಬ್ಬರದು. ಕಚೇರಿಯ ಬಾಗಿಲಿಗೆ ತೀರ ಹತ್ತಿರ, ನಮ್ಮ ದೊಡ್ಡ ಕಂಪನಿಯದೇ ಒಂದು ಹಳೇ ಟ್ರಕ್ಕು, ಹಿಂದೆ ಹುಲ್ಲಿನ ಪಿಂಡಿ ಹೇರಿಕೊಂಡು ನಿಂತಿತ್ತು. ನಾನು ಕಂಡೆ. ಅವನೂ ಕಂಡನೆಂದು ಕಾಣುತ್ತದೆ, ಇಗ್ನಿಷನ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಕೈ ಸ್ಟಿಯರಿಂಗಿನ ಮೇಲೇ ಇತ್ತು. ನನಗೂ ಬಚ್ಚಲಿಗೆ ಹೋಗಬೇಕಿತ್ತು, ಜೊತೆಗೆ ಒಳಗೆ ಹೋದೆ. ಬಂದು ಮುಂಭಾಗದ ಬೆಂಚಿನ ಮೇಲೆ ಕೂತೆ. ಹಾಗಾಗಿ ಮುಂದಿನದನ್ನು ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ.

ಬಂದವನ ಹೆಸರು ಟಿಡ್ವೆಲ್. ಹೊರದೇಶದವನಲ್ಲ, ಅಲ್ಲಿಯದೇ ಹಳ್ಳಿಯವನು. ಬಿಸಿಲಿಗೆ ಸುಟ್ಟ ಕತ್ತು, ತೋಳು ಮಡಿಸಿದ ಅಂಗಿ. ಒಳಗೆ ಕರೆದುಕೊಂಡು ಹೋಗಲಿಲ್ಲ. ಅಲ್ಲೇ ನಿಂತು ಎರಡೂ ಕೈಯಿಂದ ಫ್ಲೋರಿಯನ್‌ನ ಕೈ ಹಿಡಿದುಕೊಂಡ.

"ಸಾರ್, ಎಲ್ಲಾರೂ ಹತ್ತು ಗಂಟೆಗೆ ಕೂತ್ಕೊಂಡು ಕಾದ್ವಿ. ಆಮೇಲೆ ನಮ್ಮ ದೊಡ್ಡೋರು ಇಂಡಿಯಾನಾದ ಕೀಲಿನೋರ್ನ ಕರೆದು ಮಾತು ಮುಗಿಸಿದ್ರು."

"ಫೋನ್ ಮಾಡಿದ್ನಲ್ಲ ಸ್ವಾಮಿ."

"ಮಾಡಿದ್ರಿ. ಗೊತ್ತಾಯ್ತು. ನಿಮ್ಮ ಕೀಲೇ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಇಲ್ಲಿ ನಾವು ಸಾಮಾನು ಕೂಡಿಡಲ್ಲ. ಬೆಳಿಗ್ಗೆ ಬಂದಿದ್ದು ಮಧ್ಯಾಹ್ನ ಕಾರಿಗೆ ಏರುತ್ತೆ. ಇಷ್ಟೊತ್ತಿಗೆ ಅಂದ್ರೆ ಇಷ್ಟೊತ್ತಿಗೇ. ಮೊದಲ್ನೇ ದಿನವೇ ಮನುಷ್ಯ ಹೊತ್ತಿಗೆ ಬರ್ಲಿಲ್ಲ ಅಂದ್ರೆ, ಕೀಲು ಬರುತ್ತೆ ಅಂತ ಯಾವ ಬಾಯಲ್ಲಿ ಹೇಳ್ಲಿ ಅವರಿಗೆ?"

"ನಿಮ್ಮ ಕಾರು ಸಿಗ್ಲಿ ಅಂತ ಕಾದೆ." ಫ್ಲೋರಿಯನ್ ಹೊರಗೆ ಕೈ ತೋರಿಸಿದ. "ಅದೋ, ಅದು. ನಿಮ್ಮದ್ರಲ್ಲೇ ಬರ್ಬೇಕು, ಮರ್ಯಾದೆ ಅಂತ."

ಟಿಡ್ವೆಲ್ ಹೊರಗೆ ನೋಡಿದ, ಇವನ ಮುಖ ನೋಡಿದ. ಮೊದಲು ತಮಾಷೆ ಅಂದುಕೊಂಡನೇನೋ, ನಗಲು ಹೋಗಿ ನಿಲ್ಲಿಸಿದ. "ಅದಕ್ಕಾ? ಅಯ್ಯೋ ಸಾರ್... ನೀವು ಹೇಸರಗತ್ತೆ ಮೇಲೆ ಬಂದಿದ್ರೂ ನಾವು ಕೇಳ್ತಿರ್ಲಿಲ್ಲ. ಆ ಟ್ರಕ್ಕು ನಂದೇ, ನೋಡಿ."

ಫ್ಲೋರಿಯನ್ ಆ ಟ್ರಕ್ಕನ್ನು ತುಂಬ ಹೊತ್ತು ನೋಡಿದ. "ಬಾಗಿಲು ಕಿರ್ ಅನ್ನುತ್ತಾ?" ಎಂದು ಕೇಳಿದ.

"ಇಲ್ಲಪ್ಪ. ಇಷ್ಟು ವರ್ಷ ಆಯ್ತು, ಒಂದಿನ ಸದ್ದು ಮಾಡಿಲ್ಲ."

"ಅದರ ಕೀಲು ನಮ್ದು," ಎಂದ ಫ್ಲೋರಿಯನ್.

ಟಿಡ್ವೆಲ್ ಬಾಗಿಲ ತನಕ ಬಂದು ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಕಾರಿನಲ್ಲಿಟ್ಟು ಹೋದ. ಅವನನ್ನು ಬೈಯಲು ನನ್ನ ಹತ್ತಿರ ಮಾತಿಲ್ಲ. ಅಷ್ಟು ಒಳ್ಳೆಯವನಲ್ಲದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ತಂಗಿಯ ಮನೆಗೆ ನಾನು ಹೋಗಲಿಲ್ಲ. ಅವನನ್ನು ಒಂಟಿಯಾಗಿ ಕಳಿಸಲು ಮನಸ್ಸು ಬರಲಿಲ್ಲ. ಐರೀನಳಿಗೆ ಫೋನಿನಲ್ಲಿ ಏನೋ ಒಂದು ಹೇಳಿ ಅವನ ಜೊತೆಗೇ ಹಿಂತಿರುಗಿದೆ. ಶರೀಸ್ "ಕಾರು ಚೆನ್ನಾಗಿತ್ತಾ ಸಾರ್?" ಎಂದಾಗ "ತುಂಬ ಚೆನ್ನಾಗಿತ್ತಮ್ಮ" ಎಂದು ಬೀಗದಕೈ ಕೊಟ್ಟ.

ಆಸ್ಟ್ರಾಂಡರ್‌ಗೆ ನಿಜವನ್ನೇ ಹೇಳಿದ. ಮುದುಕ, ಹೋಗಿ ಮಲಗು ಎಂದನಂತೆ. ಆದರೆ ಜನಕ್ಕೂ ತನ್ನ ಬಾಯಿಂದಲೇ ಹೇಳಬೇಕು ಎಂದು ಫ್ಲೋರಿಯನ್ ಹಟ ಹಿಡಿದ. ಶುಕ್ರವಾರ ಮೀನೂಟದಲ್ಲಿ, ತಟ್ಟೆಗಳು ಬರುವ ಮೊದಲೇ ಎದ್ದು ನಿಂತ. ನಾನು ಬರ್ನಡೀನಳ ಪಕ್ಕದಲ್ಲಿದ್ದೆ.

"ಕೆಲಸ ಕೈ ತಪ್ಪಿದ್ದು ನನ್ನಿಂದ. ಅವರ ಕಾರು ಸಿಗ್ಲಿ ಅಂತ ಕಾದ್ಕೊಂಡು ಕೂತೆ. ಹೊತ್ತು ಮೀರಿತು. ಕಳೆದ್ಬಿಟ್ಟೆ."

ಬೈಗುಳ ಬೀಳುತ್ತದೆ ಎಂದು ಅವನು ತಲೆ ತಗ್ಗಿಸಿದ್ದ. ನಾನೂ ಹಾಗೇ ಅಂದುಕೊಂಡಿದ್ದೆ. ಬರ್ನಡೀನ್ ಮೇಜು ಗುದ್ದಿ ಎದ್ದಳು.

"ಇನ್ನೇನು ಮಾಡ್ಬೇಕಿತ್ತು? ನಮ್ಮ ಗಾಡೀಲಿ ಹೋಗಿ ಗೇಟ್ ಹೊರಗೆ ನಿಲ್ಬೇಕಿತ್ತಾ? ನಾನಾಗಿದ್ರೂ ಕಾಯ್ತಿದ್ದೆ. ಯಾರಾಗಿದ್ರೂ ಕಾಯ್ತಿದ್ರು!"

"ಹೌದೌದು!" ಎಂದರು ಎಲ್ಲ ಕಡೆಯಿಂದ.

"ನಮಗೋಸ್ಕರ ಅದರೊಳಗೆ ಕೂತ್ನಲ್ಲ, ಅದು ದೊಡ್ಡದು!"

"ಅಲ್ರಯ್ಯ, ಕೇಳ್ರಿ," ಎಂದ ಫ್ಲೋರಿಯನ್. "ಅವರಿಗೆ ಕಾರಿನ ಗೊಡವೆನೇ ಇಲ್ಲ. ಅವರಿಗೆ ಬೇಕಾಗಿದ್ದು ಹೊತ್ತು. ಯಾವುದ್ರಲ್ಲಿ ಹೋಗಿದ್ರೂ ಆಗ್ತಿತ್ತು. ನಾನು ಕಣ್ಣಲ್ಲಿ ನೋಡಿದೆ!"

"ಅದೆಲ್ಲ ಬಾಯಿಮಾತು ಕಣೋ," ಎಂದಳು ಬರ್ನಡೀನ್, ಮಗುವಿಗೆ ಹೇಳುವ ಹಾಗೆ. "ಕೊಡೋ ಮನಸ್ಸಿರ್ಲಿಲ್ಲ, ಹೊತ್ತು ಅಂತ ನೆವ ತೆಗೆದ್ರು. ಕೂತ್ಕೋ. ನಿಂದೇನೂ ತಪ್ಪಿಲ್ಲ."

"ತಪ್ಪಿದೆ!" ಎಂದು ಅವನು ಕೂಗಿದ. ಅವನು ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. "ಯಾರಾದ್ರೂ ಒಬ್ರು ಹೌದು ಅನ್ರೋ!"

ಯಾರೂ ಅನ್ನಲಿಲ್ಲ. ಒಬ್ಬನು ಬಂದು ಭುಜದ ಮೇಲೆ ಕೈಯಿಟ್ಟ. ಇನ್ನೊಬ್ಬ ಬಿಯರು ತಂದುಕೊಟ್ಟ. ಅವನನ್ನು ಕೂರಿಸಿ ತಟ್ಟೆಗೆ ಎರಡು ಮೀನು ಹೆಚ್ಚಿಗೆ ಹಾಕಿದರು. ಅಷ್ಟೊಂದು ಜನ ಬದುಕು ಕಳೆದುಕೊಂಡು ಕೂತಿದ್ದರೂ, ಒಬ್ಬರ ಬಾಯಲ್ಲೂ ಒಂದು ಕಟುಮಾತಿಲ್ಲ. ಅವನು ಮೀನು ಮುಟ್ಟಲಿಲ್ಲ. ಹೊರಗೆ ಹಿಮ ಗೋರಿ ಹಾಕಿದ ಗುಡ್ಡೆಯ ಪಕ್ಕ ನಿಂತಾಗ ನನಗೆ ಹೇಳಿದ: "ಬೈದಿದ್ರೆ ತಡ್ಕೊಳ್ತಿದ್ದೆ ಅತ್ಗೆ. ಇದನ್ನ ಎಲ್ಲಿ ಇಟ್ಕೊಳ್ಲಿ?"

ಈಸ್ಟರಿಗೆ ಮುಂಚೆ ಆಸ್ಟ್ರಾಂಡರ್ ಮುಚ್ಚಿತು. ಬೇಸಿಗೆಯ ಮೊದಲಲ್ಲಿ ದೊಡ್ಡ ಕಂಪನಿಯೇ ದಿವಾಳಿಯೆಂದು ಕೋರ್ಟು ಹತ್ತಿತು. ಆ ಕೆಲಸ ಸಿಕ್ಕಿದ್ದರೆ ನಾವು ಉಳಿಯುತ್ತಿದ್ದೆವು ಎಂದು ಅವನೊಬ್ಬನೇ ಹೇಳುತ್ತಿದ್ದ. ಹೇಗಿದ್ದರೂ ಮುಳುಗುತ್ತಿದ್ದೆವು ಎಂದು ಮಿಕ್ಕವರೆಲ್ಲ ಹೇಳುತ್ತಿದ್ದರು. ಯಾರದು ನಿಜವೆಂದು ನನ್ನಂಥವಳಿಗೆ ಹೇಗೆ ಗೊತ್ತಾಗಬೇಕು? ಒತ್ತು ಯಂತ್ರಗಳನ್ನು ಹರಾಜಿನಲ್ಲಿ ಯಾರೋ ಕೊಂಡು ಲಾರಿಗೆ ಹೇರಿದರು. ಬೀದಿಯಲ್ಲಿ ಪ್ರಾಯದವರು ಒಬ್ಬೊಬ್ಬರಾಗಿ ಸಾಮಾನು ಕಟ್ಟಿದರು. ಕೆಲವರು ಟೆಕ್ಸಾಸಿಗೆ, ಕೆಲವರು ಇಂಡಿಯಾನಾಕ್ಕೆ, ಮೂರು ಮನೆಯವರು ಆ ಟೆನೆಸಿಯ ಕಾರ್ಖಾನೆಗೇ ಹೋದರು. ಹೋಗುವಾಗ ಎಲ್ಲರೂ ಫ್ಲೋರಿಯನ್‌ನ ಮನೆಗೆ ಬಂದು ಕೈ ಕುಲುಕಿ ಹೋದರು.

ಅವನಿಗೆ ಹೊಟ್ಟೆಯಲ್ಲಿ ಗಡ್ಡೆಯೆಂದು ತಿಳಿದದ್ದು ಮರುವರ್ಷ. ಅಷ್ಟರೊಳಗೆ ಬಾಡಿಗೆ ಕಾರಿನವರ ಹತ್ತಿರವೇ ಅವನಿಗೆ ಸಣ್ಣ ಕೆಲಸ ಸಿಕ್ಕಿತ್ತು. ಒಂದು ಊರಿನಲ್ಲಿ ಹೆಚ್ಚಾದ ಕಾರುಗಳನ್ನು ಇನ್ನೊಂದು ಊರಿಗೆ ಓಡಿಸಿಕೊಂಡು ಹೋಗಿ ಬಿಡುವುದು, ನಿವೃತ್ತರಾದ ಮುದುಕರು ಮಾಡುವ ಕೆಲಸ. ಕೊಟ್ಟದ್ದನ್ನು ಓಡಿಸುತ್ತಿದ್ದ, ಏನೂ ಕೇಳುತ್ತಿರಲಿಲ್ಲ. ಯಾವಾಗಲೂ ಹೇಳಿದ್ದಕ್ಕಿಂತ ಮುಂಚೆ ಹೋಗಿ ನಿಲ್ಲುವನಂತೆ. ಬಾಗಿಲು ತೆಗೆಯುವವರು ಬರುವ ತನಕ ಚಳಿಯಲ್ಲಿ ಹೊರಗೇ. ಕೊನೆಯ ತಿಂಗಳುಗಳಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಲಗಿದ್ದ. ನೋವು ಜಾಸ್ತಿಯಾದಾಗ, "ಈಗ ಎಷ್ಟು ಗಂಟೆ ಅತ್ಗೆ?" ಎಂದು ಕೇಳುವನು. ಹೇಳಿದರೆ ಸುಮ್ಮನಾಗುವನು.

ಜನವರಿಯಲ್ಲಿ ಹೋದ. ಪೂಜೆ ಮುಗಿದು ಶವಪೆಟ್ಟಿಗೆ ಹೊರುವ ಹೊತ್ತಿಗೆ ಪಾದ್ರಿ ಸುತ್ತ ನೋಡಿದರು. ಚರ್ಚಿನಲ್ಲಿ ಇದ್ದದ್ದು ನಾವು ಮುದುಕಿಯರು, ಕೋಲು ಹಿಡಿದ ಇಬ್ಬರು ಮುದುಕರು. ಒಂದು ಕಾಲದಲ್ಲಿ ಆಸ್ಟ್ರಾಂಡರ್‌ನಿಂದ ಯಾರು ಸತ್ತರೂ ಹೆಗಲು ಕೊಡಲು ನಾ ಮುಂದು ತಾ ಮುಂದು ಎಂದು ಬರುತ್ತಿದ್ದರು. ಶವಸಂಸ್ಕಾರದವರು ನಾಲ್ಕು ಜನರನ್ನು ಕರೆತಂದಿದ್ದರು, ಎಲ್ಲೋ ಬೇರೆ ಊರಿನ ಹುಡುಗರು. ಇನ್ನಿಬ್ಬರು ಬರಬೇಕಾದವರು ಹಿಮದಲ್ಲಿ ಸಿಕ್ಕಿಕೊಂಡಿದ್ದಾರೆ, ಕಾಯೋಣ ಎಂದರು.

"ಕಾಯೋದಾ? ಇವನನ್ನ ಇಟ್ಕೊಂಡಾ?" ಎಂದಳು ಬರ್ನಡೀನ್. ಕೈಗವಸು ಬಿಚ್ಚಿ ಜೇಬಿಗೆ ಹಾಕಿ, ಮುಂದಕ್ಕೆ ಹೋಗಿ ಪೆಟ್ಟಿಗೆಯ ಎಡಗಡೆಯ ಹಿಡಿ ಹಿಡಿದಳು. ನಾನು ಬಲಗಡೆಯದು ಹಿಡಿದೆ.

"ಬೇಡಿ ಅಮ್ಮ, ಮೆಟ್ಟಿಲ ಮೇಲೆ ಮಂಜುಗಡ್ಡೆ ಇದೆ, ಬೀಳ್ತೀರ," ಎಂದ ಆ ಹುಡುಗರಲ್ಲೊಬ್ಬ.

"ನಾವಲ್ದೆ ಇನ್ಯಾರಪ್ಪ ಇದಾರೆ?" ಎಂದಳು ಅವಳು. "ಎತ್ತು."

ಎತ್ತಿದೆವು.